ಮಡಿಲಿಗೆ ಬಂದ ಗರುಡ

"ನಲವತ್ತಾರಕ್ಕೆ ಕಾಲಿಟ್ಟ ಮೇಲೆ ನಿಮಗೆ ಈ ಕಯಾಕಿಂಗ್ ಬೇಕಿತ್ತೇ?" ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಆಗಿದೆ. ಅತ್ತೆ ಕೇಳಿದರು, ಯಜಮಾನರು ಕೇಳಿದರು, ಕೊನೆಗೆ ಬೆಳಿಗ್ಗೆ ಹೂವು ತರುವಾಕೆಯೂ ಕೇಳಿದಳು. ಮಗನೊಬ್ಬ ಮಾತ್ರ ಕೇಳಲಿಲ್ಲ. "ಹೋಗಿ ಬಾ ಅಮ್ಮ, ಮಜಾ ಇರ್ತದೆ" ಎಂದ. ಅವನಿಗೆ ಹೊಳೆ ಎಂದರೆ ಪ್ರಾಣ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಯಾಕ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ನಮ್ಮ ದೋಣಿಯ ತಮ್ಮ ಎನ್ನಬಹುದು. ಪ್ಲಾಸ್ಟಿಕ್ಕಿನದು, ಬಾಳೆಕಾಯಿಯ ಹಾಗೆ ಎರಡೂ ತುದಿ ಚೂಪು. ಒಬ್ಬರದೂ ಉಂಟು, ಹಿಂದೆ ಮುಂದೆ ಇಬ್ಬರು ಕೂರುವಂಥದೂ ಉಂಟು. ಹುಟ್ಟು ಒಂದೇ, ಆದರೆ ಎರಡೂ ತುದಿಗೆ ಅಗಲ ಹಲಗೆ; ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ಹಿಂದೆ ತಳ್ಳಬೇಕು. ಮೂಲದಲ್ಲಿ ಇದು ಉತ್ತರದ ಹಿಮದ ನಾಡಿನ ಇನ್ಯುಇಟ್ ಜನರ ದೋಣಿಯಂತೆ. ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಬೇಟೆಗೆಂದು ಮಾಡಿಕೊಂಡದ್ದು. ಅದು ತೇಲುತ್ತಾ ತೇಲುತ್ತಾ ನಮ್ಮ ಸಾಲಿಗ್ರಾಮದ ಹಿನ್ನೀರಿನವರೆಗೆ ಬಂದು ಮುಟ್ಟಿದ್ದು ಆಶ್ಚರ್ಯವೇ ಸರಿ.

ನಾವು ಹೋದದ್ದು 2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮರುವಾರದ ಭಾನುವಾರ. ನಮ್ಮ ಮಹಿಳಾ ಮಂಡಳಿಯವರು ವರ್ಷಕ್ಕೊಂದು ಪ್ರವಾಸ ಮಾಡುತ್ತೇವೆ. ಪ್ರತಿಸಲ ದೇವಸ್ಥಾನ, ಊಟ, ವಾಪಸು. ಈ ಸಲ ನಮ್ಮ ಕಾರ್ಯದರ್ಶಿ ಹಟ ಹಿಡಿದರು. ಆಕೆ ಶಾಲೆಯಲ್ಲಿ ಟೀಚರು, ಮಾತಿಗೆ ಎದುರಾಡುವ ಹಾಗಿಲ್ಲ. "ದೂರದೂರದಿಂದ ಜನ ಬಂದು ನಮ್ಮ ಹೊಳೆ ನೋಡಿ ಹೋಗ್ತಾರೆ. ನಾವು ಬ್ರಹ್ಮಾವರದಲ್ಲಿ ಕೂತು ಹತ್ತು ಕಿಲೋಮೀಟರ್ ಆಚೆ ಏನುಂಟು ಅಂತ ನೋಡಿಲ್ಲ" ಎಂದರು. ಮಾತು ನಿಜ. ಸಾಲಿಗ್ರಾಮದ ಗುರು ನರಸಿಂಹ ದೇವರಿಗೆ ಎಷ್ಟು ಸಲ ಹೋಗಿಲ್ಲ ನಾವು! ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಪಾರಂಪಳ್ಳಿ ಪಡುಕೆರೆ, ಅಲ್ಲಿ ಸೀತಾನದಿಯ ಹಿನ್ನೀರು, ಆಚೆ ಸಮುದ್ರ. ನೋಡಿರಲಿಲ್ಲ.

ಒಂಬತ್ತು ಮಂದಿ ಹೊರಟೆವು. ನಮ್ಮೆಲ್ಲರಿಗೂ ಹಿರಿಯರಾದ ದೊಡ್ಡಮ್ಮನಿಗೆ ಅರವತ್ತೆರಡು. ಅಂದು ಏಕಾದಶಿ ಬೇರೆ. ಅವರು ಒಪ್ಪೊತ್ತು ಕೂಡ ಅಲ್ಲ, ಪೂರ್ತಿ ಉಪವಾಸ. "ಹೊಟ್ಟೆ ಖಾಲಿ ಇದ್ದರೆ ದೋಣಿ ಹಗುರ" ಎಂದು ನಗಿಸಿದರು. ಪ್ಯಾಂಟು, ಟೀ ಶರ್ಟು ಹಾಕಿಕೊಂಡು ಬರಬೇಕೆಂದು ಟೀಚರ ಅಪ್ಪಣೆಯಾಗಿತ್ತು. ನಾನು ಚೂಡಿದಾರಿನಲ್ಲೇ ಹೋದೆ, ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡೆ. "ಗದ್ದೆ ನೆಟ್ಟಿಗೆ ಹೊರಟ ಹಾಗುಂಟು" ಎಂದು ದಾರಿಯುದ್ದಕ್ಕೂ ನನ್ನನ್ನು ಹಾಸ್ಯ ಮಾಡಿದರು. ಮಾಡಲಿ. ಆ ವೇಲೇ ಆಮೇಲೆ ಕೆಲಸಕ್ಕೆ ಬಂತು.

ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು. ನನ್ನ ಗಾತ್ರಕ್ಕೆ ಬಕಲ್ ಹಾಕಲು ಇಬ್ಬರು ಬೇಕಾಯಿತು. ಚೀಲಗಳನ್ನೆಲ್ಲ ದಡದ ಕೋಣೆಯಲ್ಲಿ ಇಡಲು ಹೇಳಿದರು. ನಮ್ಮ ಬೀದಿಯ ಕೊನೆಮನೆ ಅಕ್ಕ ಮಾತ್ರ ಮನೆಯ ಬೀಗದ ಕೈ ಗೊಂಚಲನ್ನು ಯಾರಿಗೂ ಕೊಡಲಿಲ್ಲ. "ಗೋದ್ರೇಜಿನ ಕೀ ಉಂಟು ಇದರಲ್ಲಿ" ಎಂದು ಕುತ್ತಿಗೆಗೆ ನೇತು ಹಾಕಿಕೊಂಡರು. ಆ ಗೊಂಚಲಿನಲ್ಲಿ ಆರು ಕೀ, ಒಂದು ಪುಟ್ಟ ಗಣಪತಿ, ಮತ್ತು ಒಂದು ಉಗುರು ಕತ್ತರಿಸುವ ನೈಲ್ ಕಟ್ಟರ್. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ತಿಳಿಯುತ್ತದೆ.

ಎಂಟು ಗಂಟೆಗೆ ಭರತ ತುಂಬಿತ್ತು. ಕರಾವಳಿಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸಮುದ್ರದ ಉಬ್ಬರಕ್ಕೆ ನಾವು ಭರತ ಎನ್ನುತ್ತೇವೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಆರು ಗಂಟೆ ಚಿಲ್ಲರೆ ನೀರು ಏರುತ್ತದೆ, ಅಷ್ಟೇ ಹೊತ್ತು ಇಳಿಯುತ್ತದೆ. ದಿನ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹಿನ್ನೀರಿನಲ್ಲೂ ಇದೇ ಲೆಕ್ಕ. ಭರತವಿದ್ದಾಗ ಕಾಂಡ್ಲ ಕಾಡಿನ ಒಳಗೆ ದೋಣಿ ಹೋಗುತ್ತದೆ. ಇಳಿತವಾದರೆ ಅಲ್ಲಿ ಬರೀ ಕೆಸರು.

ನಮ್ಮ ಜೊತೆ ಇಬ್ಬರು ಹುಡುಗರು. ಒಬ್ಬ ಎಲ್ಲರಿಗಿಂತ ಮುಂದೆ, ಇನ್ನೊಬ್ಬ ಹಿಂದೆ. ಮುಂದಿನವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವನ ತಾಯಿ ಅದೇ ಹೊಳೆಯಲ್ಲಿ ಮರುವಾಯಿ ಹೆಕ್ಕಿ ಅವನನ್ನು ಓದಿಸಿದ್ದಂತೆ. ಮೊದಲ ಹತ್ತು ನಿಮಿಷ ನಮ್ಮ ಪಾಡು ಕೇಳಬೇಡಿ. ನಾನು ಮತ್ತು ದೊಡ್ಡಮ್ಮ ಒಂದೇ ಕಯಾಕಿನಲ್ಲಿ. ನಾನು ಎಡಕ್ಕೆ ಹಾಕಿದರೆ ಅವರೂ ಎಡಕ್ಕೆ, ಕಯಾಕ್ ಇದ್ದಲ್ಲೇ ಗಿರಗಿರ ತಿರುಗಿತು, ಒರಳಕಲ್ಲಿನ ಹಾಗೆ. ಆಮೇಲೆ ಲಯ ಸಿಕ್ಕಿತು. ಮೊಸರು ಕಡೆಯುವ ಕೈಗೆ ಹುಟ್ಟು ಕಷ್ಟವಲ್ಲ.

ಕಾಂಡ್ಲ ಕಾಡಿನ ಒಳಗೆ ಹೋದ ಮೇಲೆ ಎಲ್ಲರ ಬಾಯಿಯೂ ತನ್ನಷ್ಟಕ್ಕೆ ಮುಚ್ಚಿತು. ಒಂಬತ್ತು ಹೆಂಗಸರು ಮಾತಿಲ್ಲದೆ ಇದ್ದರು ಎಂದರೆ ನೀವೇ ಊಹಿಸಿಕೊಳ್ಳಿ. ಎರಡೂ ಬದಿ ಮರಗಳು ಬಾಗಿ ಚಪ್ಪರ ಹಾಕಿದ ಹಾಗಿದ್ದವು. ಕೆಲವು ಮರಗಳ ಬೇರು ಕೊಡೆಯ ಕಡ್ಡಿಗಳ ಹಾಗೆ ಕಾಂಡದಿಂದ ಹೊರಟು ನೀರಿಗೆ ಇಳಿದಿವೆ. ಇನ್ನು ಕೆಲವು ಮರಗಳ ಬೇರು ಕೆಸರಿನಿಂದ ಮೇಲಕ್ಕೆ, ಮೊಳೆ ಹೊಡೆದ ಹಾಗೆ ಎದ್ದು ನಿಂತಿವೆ. ಗಾಳಿಯಿಲ್ಲದ ಕೆಸರಿನಲ್ಲಿ ಉಸಿರಾಡುವುದಕ್ಕೆ. ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತಿತ್ತು. ಬೆಳೆದ ಮೇಲೆ ಕೆಳಗೆ ಬಿದ್ದು ಕೆಸರಿಗೆ ನೆಟ್ಟುಕೊಳ್ಳುತ್ತದಂತೆ. ಮಗುವಿಗೆ ನಡೆಯಲು ಬಂದ ಮೇಲೆಯೇ ಕಂಕುಳಿಂದ ಇಳಿಸುವ ತಾಯಿ. ಈ ಬೇರುಗಳ ಸಂದಿನಲ್ಲೇ ಮೀನು, ಸಿಗಡಿ, ಏಡಿಯ ಮರಿಗಳು ಬೆಳೆಯುವುದು. ನಾವು ಹುರಿದು ತಿನ್ನುವ ಕಾಣೆ ಮೀನಿನ ಬಾಲ್ಯವನ್ನು ನಾನು ಯೋಚಿಸಿಯೇ ಇರಲಿಲ್ಲ ನೋಡಿ.

ಒಂಬತ್ತೂವರೆ ಆಗಿರಬೇಕು. ಹಿಂತಿರುಗುವ ಹೊತ್ತು. ನಾವಿಬ್ಬರು ಸ್ವಲ್ಪ ಹಿಂದೆ ಬಿದ್ದಿದ್ದೆವು. ಒಂದು ಕಿರುತೋಡಿನ ಬಾಯಿಯಲ್ಲಿ ದೊಡ್ಡಮ್ಮ ಹುಟ್ಟು ನಿಲ್ಲಿಸಿದರು. "ಯಾರೋ ಮಗು ಅಳ್ತದೆ" ಎಂದರು. ನನಗೂ ಕೇಳಿಸಿತು. ಕೀರಲು ದನಿ, ಎಳೆದು ಎಳೆದು. ಮೈ ಜುಮ್ಮೆಂದಿತು. ಆ ಕಾಡಿನಲ್ಲಿ ಮಗು ಎಲ್ಲಿಂದ ಬರಬೇಕು?

ಮಗುವಲ್ಲ. ನೀರಿನ ಮೇಲೆ ಚಾಚಿದ ಒಂದು ಕೊಂಬೆಯಿಂದ ಗರುಡ ತಲೆಕೆಳಗಾಗಿ ನೇತಾಡುತ್ತಿತ್ತು.

ಗರುಡನನ್ನು ನೀವೆಲ್ಲ ನೋಡಿದ್ದೀರಿ. ಬಿಳಿಯ ತಲೆ, ಬಿಳಿಯ ಎದೆ, ಉಳಿದ ಮೈಯೆಲ್ಲ ಕೆಂಪು ಹೆಂಚಿನ ಬಣ್ಣ. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶದ ದಿನ ಜನ ಆಕಾಶ ನೋಡುತ್ತಾ ನಿಲ್ಲುತ್ತಾರೆ, ಗರುಡ ಸುತ್ತು ಹಾಕಿದರೆ ಕಾರ್ಯ ಸಾಂಗವಾಯಿತು ಎಂದು ಲೆಕ್ಕ. ಚಿಕ್ಕಂದಿನಿಂದ ಮೇಲೆ ನೋಡಿ ಕೈಮುಗಿದೇ ಅಭ್ಯಾಸ. ಅಂಥದ್ದು ಕೈಗೆಟಕುವಷ್ಟು ಹತ್ತಿರ, ಒಂದು ರೆಕ್ಕೆ ಮುರಿದ ಕೊಡೆಯಂತೆ ಬಿಚ್ಚಿಕೊಂಡು, ಬಾಯಿ ತೆರೆದು ಏದುತ್ತಿತ್ತು. ಗಾಳದ ನೈಲಾನ್ ದಾರ ರೆಕ್ಕೆಗೂ ಕಾಲಿಗೂ ಸುತ್ತಿ ಸುತ್ತಿ ಕೊಂಬೆಗೆ ಗಂಟಾಗಿತ್ತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಯೋಚನೆಯೇ ಮಾಡದೆ ಕೈ ಚಾಚಿ ದಾರ ಹಿಡಿದು ಜಗ್ಗಿದೆ. ಬಿಚ್ಚಿಕೊಳ್ಳುತ್ತದೆ ಎಂದುಕೊಂಡೆ. ಹಕ್ಕಿ ಕೂಗಿದ ಕೂಗು ಇನ್ನೂ ಕಿವಿಯಲ್ಲುಂಟು. ರೆಕ್ಕೆ ಬಡಿದ ರಭಸಕ್ಕೆ ದಾರ ಇನ್ನಷ್ಟು ಬಿಗಿಯಿತು. ಕಯಾಕ್ ಓಲಾಡಿ ದೊಡ್ಡಮ್ಮ "ರಾಮ ರಾಮ" ಎಂದರು. ಆಗಲೇ ಹಿಂದಿನಿಂದ ಹುಡುಗನ ದನಿ, "ಅಕ್ಕಾ, ಎಳೂಕಾಗ! ಬಿಡಿ, ಬಿಡಿ!"

ಎಲ್ಲರೂ ಬಂದು ಸೇರಿದರು. ಹೆಂಗಸರು ಸೇರಿದ ಮೇಲೆ ಸಲಹೆಗಳಿಗೆ ಬರವೇ? "ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡು" ಎಂದು ಒಬ್ಬರು. "ಕೊಂಬೆಯನ್ನೇ ಮುರಿದರಾಯ್ತು" ಎಂದು ಇನ್ನೊಬ್ಬರು. ದೊಡ್ಡಮ್ಮ ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದೇ ಬಿಟ್ಟಿದ್ದರು. "ಏಕಾದಶಿ ದಿನ ಗರುಡ ಬಾಯಾರಿ ಸಾಯುವುದುಂಟೇ? ಎರಡು ತೊಟ್ಟು ಬಾಯಿಗೆ ಬಿಡ್ತೇನೆ" ಎಂದರು.

"ನೀರ್ ಬಿಡೂಕಾಗ ಅಮ್ಮ" ಎಂದ ಹುಡುಗ. ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮನೆಯ ಅಂಗಳಕ್ಕೆ ಗಾಯದ ಹಕ್ಕಿ ಬಂದಾಗ ನಾವೆಲ್ಲ ಮೊದಲು ಮಾಡುವುದು ಇದೇ ಕೆಲಸ. ಹಕ್ಕಿಗೆ ಉಸಿರಿನ ದಾರಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ. ನಾವು ಬಾಯಿಗೆ ಹನಿಸಿದ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. ಪಾಪ, ನನ್ನ ತವರಿನಲ್ಲಿ ಎಷ್ಟು ಗುಬ್ಬಿಮರಿಗಳಿಗೆ ನಾವು ಮಕ್ಕಳು ಹತ್ತಿಯಲ್ಲಿ ಅದ್ದಿ ನೀರು ಕುಡಿಸಿದ್ದೆವು! ಒಂದೂ ಉಳಿದ ನೆನಪಿಲ್ಲ.

ಹುಡುಗ ಆಕಾಶ ನೋಡಲಿಲ್ಲ, ಮರದ ಬುಡ ನೋಡಿದ. ಒದ್ದೆಯಾಗಿದ್ದ ಬೇರು ಗೇಣಿನಷ್ಟು ಮೇಲೆ ಬಂದಿತ್ತು. ಇಳಿತ ಶುರುವಾಗಿತ್ತು. ನೀರು ಇಳಿದ ಹಾಗೆಲ್ಲ ನಾವು ಕೆಳಗೆ, ಹಕ್ಕಿ ಮೇಲೆ. ಇನ್ನರ್ಧ ಗಂಟೆ ಹೋದರೆ ಕೈಗೆ ಸಿಕ್ಕುವುದಿಲ್ಲ. ಒಂದು ಗಂಟೆ ಹೋದರೆ ನಮ್ಮ ಕಯಾಕುಗಳೂ ತೋಡಿನಲ್ಲಿ ಕೂರುತ್ತವೆ. "ಬೇಗ ಹೊರಡ್ಕ್ ಅಕ್ಕ, ಇಲ್ದಿರೆ ಕೆಸರಲ್ಲೇ ಬಾಕಿ" ಎಂದ. ಐದು ಮಂದಿಯನ್ನು ಎರಡನೆಯ ಹುಡುಗನ ಜೊತೆ ಹೊಳೆಯ ನಡುವಿಗೆ ಕಳಿಸಿದರು. ಉಳಿದದ್ದು ನಾನು, ದೊಡ್ಡಮ್ಮ, ಟೀಚರು, ಬೀಗದ ಕೈ ಅಕ್ಕ.

ನಮ್ಮೆರಡು ಕಯಾಕುಗಳನ್ನು ಪಕ್ಕಪಕ್ಕ ತಂದು, ಒಬ್ಬರ ಅಂಚನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದು ಕೂರಲು ಹೇಳಿದ. ಹಾಗೆ ಹಿಡಿದರೆ ಎರಡೂ ಸೇರಿ ಒಂದು ಹಾಸುಮಣೆಯಂತೆ ಅಲುಗಾಡುವುದಿಲ್ಲ. ಅವನು ಮಾತ್ರ ತೋಡಿಗೆ ಇಳಿದ. ತೊಡೆಯವರೆಗೆ ಕೆಸರು. ಒಂದು ಕೈಯಲ್ಲಿ ಬೇರು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದು ಮೆಲ್ಲ ಬಾಗಿಸಿದ. ಅವನಿಗೆ ಎರಡೇ ಕೈ. ಹಕ್ಕಿಯನ್ನು ಹಿಡಿಯುವವರು ಯಾರು?

"ಅಕ್ಕನ ಹತ್ರ ವೇಲ್ ಉಂಟಲ್ದಾ" ಎಂದ.

ನನ್ನನ್ನೇ ಹೇಳಿದ್ದು. ಬೇರೆ ಯಾರ ಮೈಮೇಲೂ ಒಂದು ತುಂಡು ಬಟ್ಟೆ ಹೆಚ್ಚಿರಲಿಲ್ಲ, ಎಲ್ಲರೂ ಟೀ ಶರ್ಟಿನವರು! ವೇಲ್ ಬಿಚ್ಚಿ ಎರಡು ಮಡಿಕೆ ಮಾಡಿದೆ. ಮೊದಲು ತಲೆ ಮುಚ್ಚಬೇಕು, ಕಣ್ಣಿಗೆ ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ ಎಂದ. ಆಮೇಲೆ ಬಿಚ್ಚಿದ ರೆಕ್ಕೆಯನ್ನು ಅದು ಹೇಗೆ ಮಡಚುತ್ತದೋ ಹಾಗೆಯೇ ಮೈಗೆ ಸೇರಿಸಬೇಕು. ಕೊಕ್ಕಿಗೆ ಹೆದರಬೇಡಿ, ಉಗುರಿಗೆ ಹೆದರಿ, ಎಂದ. ಇಷ್ಟನ್ನೂ ಹೇಳಿದ್ದು ಪಿಸುದನಿಯಲ್ಲಿ. ಟೀಚರು ತರಗತಿಯ ದನಿಯಲ್ಲಿ ಏನೋ ಹೇಳಲು ಹೋದಾಗ ಅವರನ್ನೂ ಸುಮ್ಮನಿರಿಸಿದ. ಟೀಚರನ್ನು ಸುಮ್ಮನಿರಿಸಿದವರನ್ನು ನಾನು ನೋಡಿದ್ದು ಅದೇ ಮೊದಲು.

ತಲೆ ಮುಚ್ಚಿದ್ದೇ ತಡ, ಬಡಿದಾಟ ನಿಂತಿತು. ಎರಡೂ ಕೈಯಲ್ಲಿ ಹಿಡಿದೆ. ಹಿಡಿದಾಗ ನನಗಾದ ಆಶ್ಚರ್ಯವೆಂದರೆ ತೂಕ. ಅಷ್ಟು ದೊಡ್ಡ ರೆಕ್ಕೆಯ ಹಕ್ಕಿ, ಅರ್ಧ ಕಿಲೋ ಬೆಲ್ಲದಷ್ಟೂ ಇರಲಿಲ್ಲವೇನೋ. ಎದೆ ಮಾತ್ರ ಬೆರಳಿನಡಿ ಹೊಲಿಗೆ ಮಿಷನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು.

ಈಗ ದಾರ ಕತ್ತರಿಸಬೇಕು. ಹುಡುಗನ ಸೊಂಟದಲ್ಲಿ ಚೂರಿ ಇತ್ತು, ಆದರೆ ಅಷ್ಟು ಉದ್ದದ ಚೂರಿಯನ್ನು ಓಲಾಡುವ ಕಯಾಕಿನಿಂದ ರೆಕ್ಕೆಯ ಹತ್ತಿರ ತರಲು ಯಾರಿಗೂ ಧೈರ್ಯವಿಲ್ಲ. ಆಗ ಬೀಗದ ಕೈ ಅಕ್ಕ ಕುತ್ತಿಗೆಯಿಂದ ಗೊಂಚಲು ತೆಗೆದು ನೈಲ್ ಕಟ್ಟರ್ ಬಿಚ್ಚಿದರು. ಕಟಕ್, ಕಟಕ್, ಕಟಕ್. ಕೊಂಬೆಯ ಕಡೆಯ ಎಳೆಗಳನ್ನು ಒಂದೊಂದಾಗಿ ತುಂಡು ಮಾಡಿದರು. ಹಕ್ಕಿಯ ಮೈಮೇಲಿನ ಸುತ್ತುಗಳನ್ನು ಮುಟ್ಟಬಾರದು, ಅದು ಡಾಕ್ಟರ ಕೆಲಸ, ಮಾಂಸದೊಳಗೆ ಹೋಗಿದ್ದರೆ ನಮಗೆ ತಿಳಿಯುವುದಿಲ್ಲ ಎಂದು ಹುಡುಗ ಹೇಳಿದ. ಕೊಂಬೆಯಲ್ಲಿ ಉಳಿದ ದಾರವನ್ನು ಅಲ್ಲೇ ಬಿಡದೆ ಬಿಡಿಸಿ ಬಿಡಿಸಿ ಕೈಗೆ ಸುತ್ತಿಕೊಂಡು, ಉಂಡೆ ಮಾಡಿ ನನ್ನ ಕಾಲ ಬಳಿ ಹಾಕಿದ.

ಕಡೆಯ ಎಳೆ ತುಂಡಾದಾಗ ಹಕ್ಕಿಯ ಒಂದು ಕಾಲು ಬಟ್ಟೆಯಿಂದ ಹೊರಗೆ ಜಾರಿತು. ಜಾರಿ ನನ್ನ ಎಡಗೈ ಹಿಡಿಯಿತು. ಹೆಬ್ಬೆರಳಿನ ಬುಡಕ್ಕೆ ಉಗುರು ಇಳಿಯಿತು. ನೋವಿಗೆ ಕಣ್ಣು ಕತ್ತಲಿಟ್ಟಿತು, ಆದರೆ ಕೈ ಬಿಡಲಿಲ್ಲ; ಬಿಟ್ಟಿದ್ದರೆ ನೀರಿಗೇ ಬೀಳುತ್ತಿತ್ತು. ಟೀಚರು ಒಂದೊಂದೇ ಉಗುರನ್ನು ಮೆಲ್ಲ ಬಿಡಿಸಿದರು.

ಹಾಗೆ ಗರುಡ ನನ್ನ ಮಡಿಲಿಗೆ ಬಂತು. ದಡಕ್ಕೆ ಸುಮಾರು ನಲವತ್ತು ನಿಮಿಷ. ನಾನು ಹುಟ್ಟು ಹಾಕುವ ಹಾಗಿರಲಿಲ್ಲ. ಉಪವಾಸದ ದೊಡ್ಡಮ್ಮ ಒಬ್ಬರೇ ಹಾಕಿದರು, ಹುಡುಗ ತನ್ನ ಕಯಾಕಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆದ. ಯಾರೂ ಮಾತಾಡಲಿಲ್ಲ. ಮಡಿಲಲ್ಲಿ ಗರುಡ, ಕಾಲ ಬಳಿ ದಾರದ ಉಂಡೆ. ಬಿಸಿಲು ಏರಿತ್ತು. ಉಂಡೆಯ ಮೇಲೆ ಬಿಸಿಲು ಬಿದ್ದಾಗ ಅದರ ಬಣ್ಣ ನನ್ನ ಕಣ್ಣಿಗೆ ಬಿತ್ತು.

ಎಳೆ ನಿಂಬೆಕಾಯಿಯ ಬಣ್ಣ. ಹೊಳೆಯುವ ಹಳದಿ ಹಸಿರು.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿದಾಗ ಅವನಿಗೆ ಗಾಳ ಹಾಕುವ ಹುಚ್ಚು ಹಿಡಿಯಿತು. ಮಾಬುಕಳ ಸೇತುವೆಯ ಹತ್ತಿರ ಸೀತಾನದಿಯ ದಂಡೆಯಲ್ಲಿ ಗೆಳೆಯರ ಜೊತೆ ಕೂರುತ್ತಾನೆ. ಕೆಟ್ಟ ಚಟವಲ್ಲ, ಮೊಬೈಲು ಹಿಡಿದು ಮಲಗುವುದಕ್ಕಿಂತ ವಾಸಿ ಎಂದು ನಾವೂ ಸುಮ್ಮನಿದ್ದೆವು. ತಂದ ಮೀನನ್ನು ಮಸಾಲೆ ಹಚ್ಚಿ ಹುರಿದು ಹಾಕಿದವಳು ನಾನೇ. ಒಂದು ದಿನ ಅವನು ಸಿಕ್ಕಾದ ದಾರದ ಮುದ್ದೆಯನ್ನು ಜಗಲಿಯಲ್ಲಿ ಹಾಕಿದ್ದ. ಬೆಳಿಗ್ಗೆ ಕತ್ತಲಲ್ಲಿ ಗುಡಿಸುವಾಗ ಹಿಡಿಸೂಡಿಗೆ ಸುತ್ತಿಕೊಂಡಿತು. ಬಿಡಿಸಲು ಹೋಗಿ ಬೆರಳು ಕೊಯ್ದುಕೊಂಡೆ. ಸಿಟ್ಟು ಬಂತು. "ಈ ದರಿದ್ರ ದಾರ ಇನ್ನು ಮನೆಗೆ ತರಬೇಡ. ಹಾಳಾದದ್ದನ್ನು ಅಲ್ಲೇ ಬಿಸಾಡಿ ಬಾ" ಎಂದೆ. ಮಗ ಒಳ್ಳೆಯವನು. ತಾಯಿ ಹೇಳಿದ್ದನ್ನು ಕೇಳಿದ.

ಆ ದಾರವೂ ಇದೇ ಬಣ್ಣ.

ಆ ಬಣ್ಣದ ದಾರ ಊರಿನ ಎಲ್ಲ ಅಂಗಡಿಗಳಲ್ಲೂ ಸಿಕ್ಕುತ್ತದೆ, ನನಗೆ ಗೊತ್ತು. ಸಾವಿರ ಮಂದಿ ಕೊಂಡಿರುತ್ತಾರೆ. ಹಾಗೆಂದು ನಾನೇ ನನಗೆ ಹೇಳಿಕೊಂಡೆ, ಟೀಚರೂ ಆಮೇಲೆ ಹೇಳಿದರು. ಆದರೆ ಮಡಿಲಲ್ಲಿ ಅಷ್ಟು ಹಗುರದ ಜೀವ ಹೊಡೆದುಕೊಳ್ಳುತ್ತಿರುವಾಗ ಆ ಸಮಾಧಾನ ಎಲ್ಲಿ ಒಳಗೆ ಇಳಿಯಬೇಕು? "ಅಲ್ಲೇ" ಎಂದು ನಾನು ಹೇಳಿದ್ದೆನಲ್ಲ, ಆ ಅಲ್ಲೇ ಎಂದರೆ ಎಲ್ಲಿ ಎಂದು ನನಗೆ ಆ ದಿನದವರೆಗೂ ಹೊಳೆದಿರಲಿಲ್ಲ. ನಮ್ಮ ಅಜ್ಜನ ಕಾಲದ ಬಲೆ ಹತ್ತಿ ನೂಲಿನದು. ಹೊಳೆಯಲ್ಲಿ ಬಿಟ್ಟರೆ ಕೊಳೆತು ಹೊಳೆಯೇ ಆಗುತ್ತಿತ್ತು. ನೈಲಾನ್ ಎಂಬುದನ್ನು ಅಮೆರಿಕದಲ್ಲಿ ಲೋಕಕ್ಕೆ ಸಾರಿದ್ದು 1938ರಲ್ಲಿ, ನಮ್ಮ ಅಮ್ಮಂದಿರು ಸೀರೆ ಉಟ್ಟು ಸಂಭ್ರಮಿಸಿದ್ದೂ ಅದನ್ನೇ. ಅದರ ಗುಣವೇ ಕೊಳೆಯದಿರುವುದು. ಮೀನಿಗೇ ಕಾಣಿಸದ ದಾರ, ಮೇಲಿಂದ ಎರಗುವ ಗರುಡನಿಗೆ ಕಂಡೀತೇ?

ದಡ ಮುಟ್ಟುವ ಮೊದಲೇ ಹುಡುಗ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿದ್ದ. ಈ ನಂಬರು ಕರ್ನಾಟಕದ ಅರಣ್ಯ ಸಹಾಯವಾಣಿ, ಗ್ಯಾಸಿನ ಪುಸ್ತಕದ ಮೇಲೆ ಬರೆದಿಟ್ಟುಕೊಳ್ಳಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಹಕ್ಕಿಯನ್ನು ನಾವು ಮನೆಗೆ ಒಯ್ದು ಸಾಕುವ ಹಾಗಿಲ್ಲ, ಎಷ್ಟೇ ಕರುಣೆಯಿರಲಿ. ಅವರು ಬರುವವರೆಗೆ ಬಿಸ್ಕೆಟಿನ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ತಳಕ್ಕೆ ಟವೆಲು ಹಾಸಿ, ಹಕ್ಕಿಯನ್ನು ಇಟ್ಟು ನೆರಳಿನಲ್ಲಿ ಇರಿಸಿದೆವು. ಇಣುಕಿ ನೋಡಬೇಡಿ, ಫೋಟೋ ತೆಗೆಯಬೇಡಿ ಎಂದು ಹುಡುಗನ ಕಟ್ಟಪ್ಪಣೆ. ಒಂಬತ್ತು ಹೆಂಗಸರು ಒಂದು ಪೆಟ್ಟಿಗೆಯ ಸುತ್ತ, ಬಾಣಂತಿ ಕೋಣೆಯ ಹೊರಗೆ ಕೂತ ಹಾಗೆ ಕೂತೆವು. ತಂದ ಕೊಟ್ಟೆ ಕಡುಬು ಹಾಗೇ ಉಳಿಯಿತು. ಪುನರ್ಪುಳಿ ಶರಬತ್ತು ಮಾತ್ರ ಖಾಲಿಯಾಯಿತು.

ಅರಣ್ಯದವರು ಬಂದು ಪಶುವೈದ್ಯರಲ್ಲಿಗೆ ಒಯ್ದರು. ಸಂಜೆ ಸುದ್ದಿ ಬಂತು. ಮೂಳೆ ಮುರಿದಿಲ್ಲ, ದಾರ ರೆಕ್ಕೆಯ ಚರ್ಮವನ್ನು ಕೊಯ್ದಿದೆ, ಕಾಲು ಊದಿದೆ. ನಾನು ಜಗ್ಗಿದ್ದರಿಂದ ಎಷ್ಟು ಕೊಯ್ಯಿತೋ, ಮೊದಲೇ ಎಷ್ಟು ಕೊಯ್ದಿತ್ತೋ, ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಕೈಗೂ ಟಿಟಿ ಇಂಜೆಕ್ಷನ್ ಆಯಿತು. ಚೀಟಿ ಬರೆಯುವಾತ "ಏನು ಕಚ್ಚಿದ್ದು, ನಾಯಿಯಾ ಬೆಕ್ಕಾ?" ಎಂದು ಕೇಳಿದ. "ಗರುಡ" ಎಂದೆ. ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದ.

ರಾತ್ರಿ ಊಟವಾದ ಮೇಲೆ ದಾರದ ಉಂಡೆಯನ್ನು ಮಗನ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಎಷ್ಟು ಸಲ ಹೊಳೆಯಲ್ಲಿ ಬಿಸಾಡಿದ್ದೀ, ಬುದ್ಧಿ ಬೇಡವಾ, ಓದಿದವನಲ್ಲವಾ ಎಂದೆಲ್ಲ ಅಂದೆ. ಅವನು ಉಂಡೆಯನ್ನು ತಿರುಗಿಸಿ ನೋಡಿದ. ಎದುರು ಮಾತಾಡುವ ಹುಡುಗನಲ್ಲ. ಮೆಲ್ಲಗೆ ಹೇಳಿದ:

"ಅಮ್ಮ, ಅಲ್ಲೇ ಬಿಸಾಡಿ ಬಾ ಅಂದದ್ದು ನೀನೇ ಅಲ್ದಾ?"

ಅತ್ತೆ ಜಪಸರ ತಿರುಗಿಸುವುದನ್ನು ನಿಲ್ಲಿಸಿದರು. ನಾನು ಎದ್ದು ಅಡಿಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ಹನ್ನೊಂದು ದಿನಗಳ ಮೇಲೆ ಹುಡುಗ ಟೀಚರ ಫೋನಿಗೆ ವಿಡಿಯೋ ಕಳಿಸಿದ. ಅದೇ ಹಿನ್ನೀರಿನ ದಡ. ಪೆಟ್ಟಿಗೆ ತೆರೆದರು. ಹಕ್ಕಿ ಕೂಡಲೇ ಹಾರಲಿಲ್ಲ, ಒಂದು ನಿಮಿಷ ಪೆಟ್ಟಿಗೆಯ ಅಂಚಿನಲ್ಲಿ ಕೂತು ಆಚೀಚೆ ನೋಡಿತು. ಆಮೇಲೆ ತಗ್ಗಿನಲ್ಲೇ ನೀರಿನ ಮೇಲೆ ಹಾರಿ ಕಾಂಡ್ಲದ ಒಂದು ಮರದ ಮೇಲೆ ಕೂತಿತು. ಅಷ್ಟೇ ವಿಡಿಯೋ. ದೊಡ್ಡಮ್ಮನಿಗೆ ಅದು ಸಾಲಲಿಲ್ಲ. "ನಮ್ಮ ತಲೆ ಮೇಲೆ ಒಂದು ಸುತ್ತು ಹಾಕಿದ್ದರೆ ಎಂತ ಆಗ್ತಿತ್ತು?" ಎಂದು ಇವತ್ತಿಗೂ ಕೇಳುತ್ತಾರೆ.

ನಮ್ಮ ಜಗಲಿಯ ಮೂಲೆಯಲ್ಲಿ ಈಗ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ಮಗ ಹೊಳೆಯಿಂದ ಬಂದ ಕೂಡಲೇ ಹಾಳಾದ ದಾರವನ್ನು ಬೆರಳುದ್ದಕ್ಕೆ ಕತ್ತರಿಸಿ ಅದರಲ್ಲಿ ಹಾಕುತ್ತಾನೆ. ಉದ್ದ ಇಲ್ಲದ ದಾರ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಬೇರೆಯವರು ದಂಡೆಯಲ್ಲಿ ಬಿಟ್ಟು ಹೋದದ್ದನ್ನೂ ಹೆಕ್ಕಿ ತರುತ್ತಾನೆ. ಗೆಳೆಯರು ಮೊದಮೊದಲು ನಕ್ಕರಂತೆ, ಈಗ ಇಬ್ಬರು ತಮ್ಮದನ್ನೂ ಇವನ ಕೈಗೇ ಕೊಡುತ್ತಾರಂತೆ. ನೀಲಿ, ಬಿಳಿ, ಕೆಂಪು, ನಿಂಬೆಕಾಯಿಯ ಬಣ್ಣ. ಬಾಟಲಿ ಎರಡು ಸಲ ತುಂಬಿತು.

ಮೊನ್ನೆ ಅವನು ತಡವಾಗಿ ಬಂದು, ಕತ್ತರಿಸದೆ ಮುದ್ದೆಯನ್ನು ಹಾಗೇ ಜಗಲಿಯಲ್ಲಿ ಹಾಕಿ ಮಲಗಿಬಿಟ್ಟಿದ್ದ. ಬೆಳಿಗ್ಗೆ ಗುಡಿಸುವಾಗ ಮತ್ತೆ ಹಿಡಿಸೂಡಿಗೆ ಸುತ್ತಿಕೊಂಡಿತು. ಕನ್ನಡಕ ಹಾಕಿಕೊಂಡು, ಮೆಟ್ಟಲ ಮೇಲೆ ಕೂತು, ಒಂದೊಂದೇ ಎಳೆ ಬಿಡಿಸಿದೆ. ಅಷ್ಟು ಹೊತ್ತಿಗೆ ಒಳಗೆ ಹಾಲು ಉಕ್ಕಿ ಹೋಗಿತ್ತು.